ಶ್ವಾಸಕೋಶ ನೋಡಿದರು, ಮೂತ್ರ ನೋಡಲಿಲ್ಲ

ಕಳೆದ ಸೋಮವಾರ ಆಸ್ಪತ್ರೆಯ ಡೇ ಕೇರ್ ವಾರ್ಡಿನಲ್ಲಿ ಮೂರನೆಯ ಬಾರಿ ರಿಟುಕ್ಸಿಮ್ಯಾಬ್ ಎಂಬ ಔಷಧವನ್ನು ಹನಿಹನಿಯಾಗಿ ರಕ್ತನಾಳಕ್ಕೆ ಹಾಕಿಸಿಕೊಂಡು ವಿಜಯನಗರದ ಮನೆಗೆ ಮರಳಿದೆ. ಮೊದಲ ಲಕ್ಷಣ ಕಾಣಿಸಿಕೊಂಡು ಅಂದಿಗೆ ಹನ್ನೊಂದು ತಿಂಗಳಾಗಿತ್ತು. ಈ ಹನ್ನೊಂದು ತಿಂಗಳಲ್ಲಿ ನನಗೆ ಮೊದಲು ಸೈನಸ್ ಇದೆ ಎಂದರು, ಆಮೇಲೆ ಕ್ಷಯ ಎಂದರು, ಕೊನೆಗೆ ಎರಡೂ ಅಲ್ಲ, ನನ್ನದೇ ರಕ್ತಕಣಗಳು ನನ್ನದೇ ರಕ್ತನಾಳಗಳನ್ನು ಸುಡುತ್ತಿವೆ ಎಂದರು. ನಾನು ವೈದ್ಯೆಯಲ್ಲ; ಪದವಿಪೂರ್ವ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಕನ್ನಡ ಪಾಠ ಮಾಡುತ್ತಿರುವವಳು. ಆದರೂ ಇದನ್ನು ಬರೆಯಲು ಕಾರಣವಿದೆ. ನನಗೆ ಬಂದ ಗ್ರ್ಯಾನ್ಯುಲೊಮಟೋಸಿಸ್ ವಿತ್ ಪಾಲಿಆಂಜೈಟಿಸ್ ಎಂಬ ಕಾಯಿಲೆಯ ಹೆಸರನ್ನು ನಮ್ಮ ಬಂಧುಬಳಗದಲ್ಲಿ ಒಬ್ಬರೂ ಕೇಳಿರಲಿಲ್ಲ, ಕನ್ನಡದಲ್ಲಿ ಓದೋಣವೆಂದರೆ ನನಗೆ ಏನೂ ಸಿಗಲಿಲ್ಲ, ಮತ್ತು ಕೆಲವೇ ರೂಪಾಯಿಗಳ ಒಂದು ಮೂತ್ರ ಪರೀಕ್ಷೆಯನ್ನು ಎರಡು ತಿಂಗಳು ಮೊದಲೇ ಮಾಡಿಸಿದ್ದರೆ ನನ್ನ ಮೂತ್ರಪಿಂಡಗಳು ಇಂದು ಇನ್ನಷ್ಟು ಚೆನ್ನಾಗಿರುತ್ತಿದ್ದವು.

ಜುಲೈನಲ್ಲಿ ಮೂಗು ಕಟ್ಟಿಕೊಳ್ಳುವುದರಿಂದ ಆರಂಭವಾಯಿತು. ಬೆಂಗಳೂರಿನ ಮಳೆಗಾಲದಲ್ಲಿ ಮೂಗು ಕಟ್ಟದವರು ಯಾರಿದ್ದಾರೆ ಎಂದು ನಾನೂ ಸುಮ್ಮನಿದ್ದೆ. ಆದರೆ ನೆಗಡಿಯಂತೆ ನೀರು ಸುರಿಯುವ ಬದಲು ರಕ್ತ ಮೆತ್ತಿದ ಹಕ್ಕಳೆಗಳು ಬರತೊಡಗಿದವು, ಎಡಗಿವಿ ಮಂದವಾಯಿತು, ಬೆಳಗ್ಗೆ ಎದ್ದಾಗ ಮಣಿಕಟ್ಟು ಮತ್ತು ಹಿಮ್ಮಡಿಯ ಕೀಲುಗಳು ನೋಯುತ್ತಿದ್ದವು. ಕಿವಿ, ಮೂಗು, ಗಂಟಲಿನ ವೈದ್ಯರು ಎರಡು ಸುತ್ತು ಆ್ಯಂಟಿಬಯಾಟಿಕ್ ಕೊಟ್ಟರು. ಆಗಸ್ಟ್ ಕೊನೆಯಲ್ಲಿ ಸಂಜೆಯ ಜ್ವರ, ತೂಕದಲ್ಲಿ ಐದು ಕಿಲೋ ಇಳಿಕೆ, ಒಂದು ದಿನ ಕರವಸ್ತ್ರದಲ್ಲಿ ಕೆಮ್ಮಿನ ಜೊತೆ ರಕ್ತ. ಎದೆಯ ಸಿ.ಟಿ. ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶಗಳಲ್ಲಿ ಗಂಟುಗಳಿದ್ದವು. ಅವುಗಳಲ್ಲಿ ಒಂದರ ನಡುವೆ ಟೊಳ್ಳು ಬಿದ್ದಿತ್ತು.

ನಮ್ಮ ದೇಶದಲ್ಲಿ ಜ್ವರ, ತೂಕ ಇಳಿಕೆ, ರಕ್ತದ ಕೆಮ್ಮು ಮತ್ತು ಟೊಳ್ಳು ಬಿದ್ದ ಗಂಟು ಒಟ್ಟಿಗೆ ಕಂಡರೆ ವೈದ್ಯರಿಗೆ ಮೊದಲು ನೆನಪಾಗುವುದು ಕ್ಷಯವೇ, ಮತ್ತು ಅದರಲ್ಲಿ ಅವರ ತಪ್ಪಿಲ್ಲ. ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು, ಸಿಬಿನಾಟ್ ಎಂಬ ಪರೀಕ್ಷೆಗೂ ಕಳುಹಿಸಿದರು. ಎರಡರಲ್ಲೂ ಕ್ಷಯದ ರೋಗಾಣು ಸಿಗಲಿಲ್ಲ. ಸಂಪೂರ್ಣ ರಕ್ತಕಣ ಎಣಿಕೆಯಲ್ಲಿ ಬಿಳಿ ರಕ್ತಕಣಗಳು 14,200 ಇದ್ದವು, ಅವುಗಳಲ್ಲಿ ನ್ಯೂಟ್ರೋಫಿಲ್‌ಗಳು ಶೇಕಡಾ 84. "ಇಷ್ಟು ನ್ಯೂಟ್ರೋಫಿಲ್ ಏರಿದೆ ಎಂದರೆ ಸೋಂಕು ಇದ್ದೇ ಇದೆ, ಕೆಲವರಲ್ಲಿ ರೋಗಾಣು ಸಿಗುವುದಿಲ್ಲ, ಮಾತ್ರೆ ಶುರು ಮಾಡೋಣ" ಎಂದು ಆ ಚಿಕಿತ್ಸಾಲಯದವರು ಹೇಳಿದರು. ಆ ಸಂಖ್ಯೆಯ ಮೇಲೆ ಯಾರೋ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದರು. ಆ ಕಾಗದ ಈಗಲೂ ನನ್ನ ಕಡತದಲ್ಲಿದೆ. ಅವರು ಗುರುತಿಸಿದ ಕಣವೇನೋ ಸರಿಯಾದದ್ದೇ, ಅದಕ್ಕೆ ಕೊಟ್ಟ ಅರ್ಥ ಬೇರೆಯಾಗಿತ್ತು.

ಕ್ಷಯದ ಮಾತ್ರೆ ತೆಗೆದುಕೊಂಡ ಏಳು ವಾರಗಳ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಮಹಡಿಯ ಕೋಣೆಗೆ ನಾನೇ ಹೋದೆ, ತಟ್ಟೆ ಲೋಟ ಬೇರೆ ಇಟ್ಟುಕೊಂಡೆ. ಎಂಬತ್ತು ದಾಟಿದ ಅತ್ತೆಯವರು ಮೆಟ್ಟಿಲ ಬುಡದಲ್ಲಿ ನಿಂತು "ಊಟ ಆಯ್ತೇನಮ್ಮ" ಎಂದು ಕೇಳುತ್ತಿದ್ದರು. ಮಾತ್ರೆಗಳು ಸರ್ಕಾರದಿಂದ ಉಚಿತವಾಗಿ ಬರುತ್ತಿದ್ದವು, ಆರೋಗ್ಯ ಕಾರ್ಯಕರ್ತೆ ಮನೆಗೇ ಬಂದು ವಿಚಾರಿಸುತ್ತಿದ್ದರು, ಕ್ಷಯ ರೋಗಿಗಳ ಸರ್ಕಾರಿ ನಿಕ್ಷಯ್ ಜಾಲತಾಣದಲ್ಲಿ ನನ್ನ ಹೆಸರು ನೋಂದಣಿಯಾಗಿತ್ತು. ಆ ವ್ಯವಸ್ಥೆ ಚೆನ್ನಾಗಿಯೇ ಕೆಲಸ ಮಾಡಿತು. ನನಗೆ ಕ್ಷಯ ಇರಲಿಲ್ಲ, ಅಷ್ಟೆ.

ಇಲ್ಲಿ ಒಂದು ಸಂಗತಿಯನ್ನು ವಿವರವಾಗಿ ಹೇಳಲೇಬೇಕು. ಕ್ಷಯದ ಮಾತ್ರೆಗಳಲ್ಲಿ ಒಂದಾದ ರಿಫಾಂಪಿಸಿನ್ ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ. ಹೆದರಬೇಡಿ ಎಂದು ಮೊದಲೇ ಹೇಳಿಯೂ ಇರುತ್ತಾರೆ. ಹಾಗಾಗಿ ಅಕ್ಟೋಬರ್ ಮಧ್ಯದಲ್ಲಿ ಮೂತ್ರ ಕಿತ್ತಳೆಯಿಂದ ಕಂದುಗೆಂಪಿಗೆ, ಬೆಲ್ಲದ ನೀರಿನಂತೆ, ತಿರುಗಿದಾಗಲೂ ನಾನು ಹೆದರಲಿಲ್ಲ. ನೊರೆ ಹೆಚ್ಚಾಗಿದ್ದು ಕಂಡಿತ್ತು. ಅದನ್ನೂ ಮಾತ್ರೆಯ ಲೆಕ್ಕಕ್ಕೇ ಬರೆದೆ. ದೀಪಾವಳಿಯ ಹೊತ್ತಿಗೆ ಪಾದಗಳು ಊದಿ ಚಪ್ಪಲಿಯ ಪಟ್ಟಿ ಅಚ್ಚು ಬೀಳುತ್ತಿತ್ತು, ಮೊಣಕಾಲಿನ ಕೆಳಗೆ ಒತ್ತಿದರೂ ಮಾಯವಾಗದ ನೇರಳೆ ಚುಕ್ಕೆಗಳು ಎದ್ದವು, ಒಂದು ಕಣ್ಣು ಕೆಂಪಾಯಿತು. ರಕ್ತದ ಕೆಮ್ಮು ನಿಂತಿರಲಿಲ್ಲ.

ದಾರಿ ತಿರುಗಿದ್ದು ಒಬ್ಬ ಕಿರಿಯ ವೈದ್ಯೆಯಿಂದ. ನಮ್ಮ ಬಡಾವಣೆಯ ಸಣ್ಣ ಕ್ಲಿನಿಕ್ಕಿನಲ್ಲಿ ಹಿರಿಯ ವೈದ್ಯರು ರಜೆಯಲ್ಲಿದ್ದ ದಿನ ಆಕೆ ಕುಳಿತಿದ್ದರು. ಕಾಲಿನ ಚುಕ್ಕೆಗಳನ್ನು ನೋಡಿ, ರಕ್ತದೊತ್ತಡ ಅಳೆದು, ಅದು 160/100 ಇರುವುದನ್ನು ಕಂಡು, "ಮೇಡಂ, ಇಷ್ಟು ದಿನದಲ್ಲಿ ಮೂತ್ರ ಪರೀಕ್ಷೆ ಎಷ್ಟು ಸಲ ಮಾಡಿಸಿದ್ದೀರಿ" ಎಂದರು. ನಾನು ಕಡತವನ್ನೆಲ್ಲ ತಿರುವಿದೆ. ಒಂದು ಸಲವೂ ಮಾಡಿಸಿರಲಿಲ್ಲ. ಅಂದೇ ಸಂಜೆ ಬಂದ ವರದಿಯಲ್ಲಿ ಪ್ರೋಟೀನ್ ಮೂರು ಪ್ಲಸ್, ಕೆಂಪು ರಕ್ತಕಣಗಳು ಲೆಕ್ಕಕ್ಕೆ ಸಿಗದಷ್ಟು, ಜೊತೆಗೆ ಮೂತ್ರಪಿಂಡದ ನಳಿಕೆಗಳಲ್ಲಿ ಮೂಡಿದ ಕೆಂಪು ಕಣಗಳ ಅಚ್ಚುಗಳು. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಸೆಪ್ಟೆಂಬರಿನಲ್ಲಿ 0.9 ಇದ್ದದ್ದು 2.6ಕ್ಕೆ ಏರಿತ್ತು. ರಾತ್ರಿ ಎಂಟೂವರೆಗೆ ಆಕೆಯೇ ಕರೆ ಮಾಡಿ, ನಾಳೆ ಬೆಳಗ್ಗೆಯೇ ಮೂತ್ರಪಿಂಡ ತಜ್ಞರನ್ನು ನೋಡಿ, ಮುಂದಿನ ವಾರ ಎನ್ನಬೇಡಿ ಎಂದರು.

ಈ ಬರಹದಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ಮರೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಮೂಗಿನಲ್ಲಿ ರಕ್ತದ ಹಕ್ಕಳೆ, ಶ್ವಾಸಕೋಶದಲ್ಲಿ ಗಂಟು, ಕೀಲುನೋವು, ಕಾಲಿನ ಮೇಲೆ ನೇರಳೆ ಚುಕ್ಕೆ, ಇವುಗಳಲ್ಲಿ ಎರಡು ಒಟ್ಟಿಗೆ ಬಂದರೆ, ಯಾರೂ ಬರೆದುಕೊಡದಿದ್ದರೂ ನೀವೇ ಕೇಳಿ ಮೂತ್ರದ ಸಾಮಾನ್ಯ ಪರೀಕ್ಷೆ ಮತ್ತು ಕ್ರಿಯಾಟಿನಿನ್ ಮಾಡಿಸಿಕೊಳ್ಳಿ. ಈ ಕಾಯಿಲೆಯಲ್ಲಿ ಮೂತ್ರಪಿಂಡ ಸಾಮಾನ್ಯವಾಗಿ ನೋಯುವುದಿಲ್ಲ. ಕೆಡುತ್ತಿದೆ ಎಂಬುದನ್ನು ಅದು ಹೆಚ್ಚಾಗಿ ಮೊದಲು ಮೂತ್ರದ ಮೂಲಕವೇ ಹೇಳುತ್ತದೆ.

ಮೂತ್ರಪಿಂಡ ತಜ್ಞರು ಬರೆದುಕೊಟ್ಟ ರಕ್ತಪರೀಕ್ಷೆಯ ಹೆಸರು ಆಂಕಾ. ನ್ಯೂಟ್ರೋಫಿಲ್ ಕಣದೊಳಗಿನ ಪ್ರೋಟೀನುಗಳ ವಿರುದ್ಧ ನಮ್ಮದೇ ದೇಹ ತಯಾರಿಸುವ ಪ್ರತಿಕಾಯಗಳಿಗೆ (ಆ್ಯಂಟಿಬಾಡಿ) ಆ ಹೆಸರು. ಮುಖ್ಯವಾಗಿ ಎರಡು ಪ್ರೋಟೀನುಗಳನ್ನು ನೋಡುತ್ತಾರೆ: ಪಿಆರ್3 ಮತ್ತು ಎಂಪಿಒ. ಪ್ರಯೋಗಾಲಯದಲ್ಲಿ ಬರೀ "ಆಂಕಾ" ಎಂದರೆ ಕೆಲವೆಡೆ ಹೊಳೆಯುವ ಬಣ್ಣದ ಸೂಕ್ಷ್ಮದರ್ಶಕ ಪರೀಕ್ಷೆಯೊಂದನ್ನೇ ಮಾಡುತ್ತಾರೆ. ಪಿಆರ್3 ಮತ್ತು ಎಂಪಿಒಗಳ ಪ್ರಮಾಣ ಪ್ರತ್ಯೇಕವಾಗಿ ಬೇಕೆಂದು ಚೀಟಿಯಲ್ಲಿ ಬರೆಸಿಕೊಂಡು ಹೋಗುವುದು ಒಳ್ಳೆಯದು. ನನಗೆ ಎರಡು ಸಲ ರಕ್ತ ಕೊಡಬೇಕಾಯಿತು, ಎರಡು ಸಲವೂ ಹಣ ಕಟ್ಟಬೇಕಾಯಿತು, ಒಟ್ಟು 5,400 ರೂಪಾಯಿ. ಈ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿರಬೇಕಾಗಿಲ್ಲ. ಫಲಿತಾಂಶಕ್ಕೆ ಮೂರು ದಿನ ಹಿಡಿಯಿತು. ಪಿಆರ್3 ಇರಬೇಕಾದದ್ದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು.

ಅಷ್ಟಕ್ಕೇ ಚಿಕಿತ್ಸೆ ಆರಂಭವಾಗುತ್ತದೆಂದು ಭಾವಿಸಿದ್ದೆ. ಆಗಲಿಲ್ಲ. ಕ್ಷಯದಲ್ಲಿ, ಹೃದಯದ ಕವಾಟದ ಸೋಂಕಿನಲ್ಲಿ ಕೂಡ ಕೆಲವೊಮ್ಮೆ ಆಂಕಾ ಕಾಣಿಸಿಕೊಳ್ಳುತ್ತದೆಯಂತೆ. ಸೋಂಕು ಇರುವವರಿಗೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ಕೊಟ್ಟರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಮೂತ್ರಪಿಂಡದ ಬಯಾಪ್ಸಿ ಆಗಲೇಬೇಕು ಎಂದರು. ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. "ಚೂರು ಕಿತ್ತರೆ ಕಿಡ್ನಿ ಹೋಗಿಬಿಡುತ್ತದೆ" ಎಂದು ಮೈದುನ ಹಟ ಹಿಡಿದ. ನಮ್ಮವರು ಮಾತಾಡದೆ ಕೂತಿದ್ದರು. ಸಹಿ ಹಾಕಬೇಕಾದವಳು ನಾನು, ಹಾಕಿದೆ.

ಬಯಾಪ್ಸಿಯ ಭಯ ಬಯಾಪ್ಸಿಗಿಂತ ದೊಡ್ಡದಾಗಿತ್ತು. ಬೋರಲು ಮಲಗಿಸಿ, ಹೊಟ್ಟೆಯ ಕೆಳಗೆ ದಿಂಬಿಟ್ಟು, ಸ್ಕ್ಯಾನಿನಲ್ಲಿ ನೋಡುತ್ತಾ, ಬೆನ್ನಿನ ಆ ಜಾಗವನ್ನಷ್ಟೇ ಮರಗಟ್ಟಿಸಿ ಸೂಜಿ ಹಾಕಿದರು. ಉಸಿರು ಹಿಡಿಯಿರಿ ಎಂದಾಗ ಹಿಡಿಯಬೇಕು. ಸ್ಟೇಪ್ಲರ್ ಒತ್ತಿದಂಥ ಸದ್ದು ಎರಡು ಬಾರಿ ಕೇಳಿಸಿತು. ಕಷ್ಟವಾದದ್ದು ಆಮೇಲಿನ ಆರು ಗಂಟೆ ಅಲುಗದೆ ಅಂಗಾತ ಮಲಗಿದ್ದು, ಮತ್ತು ಪ್ರತಿ ಸಲದ ಮೂತ್ರವನ್ನೂ ಬಾಟಲಿಯಲ್ಲಿ ಹಿಡಿದು ನರ್ಸಿಗೆ ತೋರಿಸಬೇಕಾದದ್ದು. ಹೃದಯಕ್ಕೆಂದು ಆಸ್ಪಿರಿನ್ ನುಂಗುವವರು ಮೊದಲೇ ಹೇಳಬೇಕು, ಇಲ್ಲದಿದ್ದರೆ ದಿನಾಂಕ ಮುಂದೆ ಹೋಗುತ್ತದೆ. ನನ್ನ ಪಕ್ಕದ ಹಾಸಿಗೆಯವರಿಗೆ ಹಾಗೇ ಆಯಿತು. ಒಂದು ರಾತ್ರಿಯ ವಾಸ ಸೇರಿ 27,000 ರೂಪಾಯಿ. ಖಾಸಗಿ ಆಸ್ಪತ್ರೆಯ ಖರ್ಚು ಆಗದವರು ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ನೆಫ್ರೋ-ಯುರಾಲಜಿ ಸಂಸ್ಥೆಯಲ್ಲಿ ವಿಚಾರಿಸಬಹುದು. ಬಿ.ಪಿ.ಎಲ್. ಕಾರ್ಡ್ ಇರುವವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಏನೇನು ಸಿಗುತ್ತದೆಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ದಾಖಲಾಗುವ ಮೊದಲೇ ಕೇಳಿಕೊಳ್ಳಬೇಕು.

ವರದಿ ನಾಲ್ಕನೆಯ ದಿನ ಬಂತು. ಮೂತ್ರಪಿಂಡದ ಸೋಸುವ ಗೊಂಚಲುಗಳಲ್ಲಿ ಹದಿನಾಲ್ಕು ಆ ಚೂರಿನಲ್ಲಿ ಸಿಕ್ಕಿದ್ದವು. ಆರರಲ್ಲಿ ಬಿದಿಗೆಯ ಚಂದ್ರನಂಥ ಆಕಾರದಲ್ಲಿ ಜೀವಕೋಶಗಳು ಒತ್ತರಿಸಿ ಬೆಳೆದಿದ್ದವು. ಅಲ್ಲಲ್ಲಿ ನಾಳದ ಗೋಡೆ ಸತ್ತಿತ್ತು. ಕಾಯಿಲೆಯ ಪೂರ್ತಿ ಹೆಸರು ಗ್ರ್ಯಾನ್ಯುಲೊಮಟೋಸಿಸ್ ವಿತ್ ಪಾಲಿಆಂಜೈಟಿಸ್, ಅಂದರೆ ಸಣ್ಣ ರಕ್ತನಾಳಗಳ ಉರಿಯೂತ. ಅಂದು ಸಂಜೆ ತಜ್ಞರು ನನ್ನ ಹಾಸಿಗೆಯ ಬಳಿ ಕುಳಿತು, ವರದಿಯ ಲಕೋಟೆಯ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದ ಇಪ್ಪತ್ತು ನಿಮಿಷಗಳೇ ನನ್ನನ್ನು ಅಲ್ಲಿಂದ ಇಲ್ಲಿಯವರೆಗೆ ಹಿಡಿದು ನಿಲ್ಲಿಸಿದವು. ಆಮೇಲೆ ನನ್ನ ಅಕ್ಕನ ಮಗಳು, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಜೀವವಿಜ್ಞಾನದ ಸಂಶೋಧನೆ ಮಾಡುತ್ತಿರುವವಳು, ಅದಕ್ಕೆ ಇನ್ನಷ್ಟು ಸೇರಿಸಿದಳು. ಇಬ್ಬರಿಂದಲೂ ನಾನು ತಿಳಿದುಕೊಂಡದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ನ್ಯೂಟ್ರೋಫಿಲ್ ನಮ್ಮ ಬಿಳಿ ರಕ್ತಕಣಗಳಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರುವ ಕಾಲಾಳು. ರೋಗಾಣುವನ್ನು ಕಂಡರೆ ನುಂಗುತ್ತದೆ, ಇಲ್ಲವೇ ವಿಷದ ಹರಳುಗಳನ್ನು ಅದರ ಮೇಲೆ ಸುರಿಯುತ್ತದೆ. ಇಷ್ಟನ್ನು ಬಹುಕಾಲದಿಂದ ಬಲ್ಲವರಿದ್ದರು. 2004ರಲ್ಲಿ ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸೋಂಕು ಜೀವವಿಜ್ಞಾನ ಸಂಸ್ಥೆಯ ಫೋಲ್ಕರ್ ಬ್ರಿಂಕ್‌ಮನ್, ಆರ್ಟುರೊ ಝಿಖ್ಲಿನ್‌ಸ್ಕಿ ಮತ್ತು ಸಂಗಡಿಗರು ಮೂರನೆಯದೊಂದು ವಿದ್ಯೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಆ ಕಣ ತನ್ನ ಒಡಲಲ್ಲಿ ಸುತ್ತಿಟ್ಟುಕೊಂಡಿರುವ ಡಿಎನ್ಎ ನೂಲನ್ನೇ ಬಿಚ್ಚಿ, ಅದಕ್ಕೆ ತನ್ನ ವಿಷಗಳನ್ನು ಮೆತ್ತಿ, ಬಲೆಯಾಗಿ ಹೊರಗೆ ಎಸೆಯುತ್ತದೆ. ನಮ್ಮ ಒಂದೊಂದು ಜೀವಕೋಶದಲ್ಲೂ ಈ ನೂಲು ಬಿಡಿಸಿ ಎಳೆದರೆ ಸುಮಾರು ಎರಡು ಮೀಟರ್ ಉದ್ದವಿರುತ್ತದೆ ಎಂದರೆ ಬಲೆ ಎಷ್ಟು ಹರಡಬಲ್ಲದೆಂದು ಊಹಿಸಬಹುದು. ಬಹುಪಾಲು ಸಂದರ್ಭಗಳಲ್ಲಿ ಬಲೆ ಬೀಸಿದ ಕಣ ಸಾಯುತ್ತದೆ. ಇಂಗ್ಲಿಷಿನಲ್ಲಿ ಇದರ ಹ್ರಸ್ವರೂಪ ನೆಟ್, ಅಂದರೂ ಬಲೆಯೇ. ಹೆಸರಿಟ್ಟವರು ಸೊಗಸಾಗಿ ಇಟ್ಟಿದ್ದಾರೆಂದು ಆ ಹೊತ್ತಿನಲ್ಲೂ ನನ್ನೊಳಗಿನ ಭಾಷೆಯ ಮೇಷ್ಟ್ರಿಗೆ ಅನ್ನಿಸಿತು.

ಬಲೆ ಕೆಟ್ಟದ್ದಲ್ಲ. ಕ್ರಾನಿಕ್ ಗ್ರ್ಯಾನ್ಯುಲೊಮಟಸ್ ಎಂಬ ಹುಟ್ಟುಕಾಯಿಲೆಯ ಮಕ್ಕಳ ನ್ಯೂಟ್ರೋಫಿಲ್‌ಗಳು ಆಮ್ಲಜನಕದ ಉರಿಯನ್ನು ಹೊತ್ತಿಸಲಾರವು, ಬಲೆಯನ್ನೂ ಸರಿಯಾಗಿ ಬೀಸಲಾರವು. ಆ ಮಕ್ಕಳು ಬ್ಯಾಕ್ಟೀರಿಯಾ ಮತ್ತು ಬೂಷ್ಟಿನ ಸೋಂಕುಗಳಿಂದ ಮತ್ತೆ ಮತ್ತೆ ನರಳುತ್ತಾರೆ. ತೊಂದರೆ ಆಗುವುದು ಬಲೆಯನ್ನು ಬೇಡದ ಕಡೆ ಬೀಸಿದಾಗ, ಅಥವಾ ಬೀಸಿದ ಬಲೆಯನ್ನು ಗುಡಿಸದೆ ಬಿಟ್ಟಾಗ. ನನ್ನ ವಿಷಯದಲ್ಲಿ ನಡೆದದ್ದನ್ನು ತಜ್ಞರು ಗಾಣದೆತ್ತಿನ ಸುತ್ತಿನಂತೆ ಚಿತ್ರಿಸಿದರು. ಯಾವುದೋ ಸೋಂಕೋ ಉರಿಯೂತವೋ ನ್ಯೂಟ್ರೋಫಿಲ್‌ಗಳನ್ನು ಕೆರಳಿಸುತ್ತದೆ. ಕೆರಳಿದ ಕಣ ಒಳಗಿರಬೇಕಾದ ಪಿಆರ್3 ಪ್ರೋಟೀನನ್ನು ಮೈಮೇಲೆ ಹೊದ್ದುಕೊಳ್ಳುತ್ತದೆ. ರಕ್ತದಲ್ಲಿ ತೇಲುತ್ತಿರುವ ಆಂಕಾ ಪ್ರತಿಕಾಯ ಬಂದು ಅದನ್ನು ಹಿಡಿಯುತ್ತದೆ. ಹಿಡಿದ ಕೂಡಲೇ ಕಣ ಸಣ್ಣ ರಕ್ತನಾಳದ ಗೋಡೆಗೆ ಅಂಟಿಕೊಂಡೇ ತನ್ನ ವಿಷವನ್ನು ಕಾರುತ್ತದೆ, ಬಲೆಯನ್ನೂ ಬೀಸುತ್ತದೆ, ಗೋಡೆ ಸುಡುತ್ತದೆ. ಆ ಬಲೆಯ ಎಳೆಗಳಲ್ಲಿ ಅದೇ ಪಿಆರ್3, ಅದೇ ಎಂಪಿಒ ನೇತಾಡುತ್ತಿರುತ್ತವೆ. ಅವುಗಳನ್ನು ಕಂಡ ರೋಗನಿರೋಧಕ ವ್ಯವಸ್ಥೆ ಇನ್ನಷ್ಟು ಆಂಕಾ ತಯಾರಿಸುತ್ತದೆ, ಅದು ಇನ್ನಷ್ಟು ಬಲೆ ಬೀಸಿಸುತ್ತದೆ. 2009ರಲ್ಲಿ ಜರ್ಮನಿಯ ಸಂಶೋಧಕರು ಇಂಥ ರೋಗಿಗಳ ಮೂತ್ರಪಿಂಡದ ಚೂರುಗಳಲ್ಲಿ ಈ ಬಲೆಗಳನ್ನು ಕಣ್ಣಾರೆ ತೋರಿಸಿದರು. ಥೈರಾಯ್ಡ್ ಹೆಚ್ಚಿರುವವರಿಗೆ ಕೊಡುವ ಪ್ರೊಪೈಲ್‌ಥಯೊಯುರಾಸಿಲ್ ಎಂಬ ಮಾತ್ರೆಯಿಂದ ಕೆಲವರಿಗೆ ಇಂಥದೇ ಕಾಯಿಲೆ ಬರುವುದುಂಟು, ಆ ಮಾತ್ರೆಯಿದ್ದಾಗ ಬಲೆಗಳು ಸುಲಭವಾಗಿ ಕರಗದಂತೆ ರೂಪುಗೊಳ್ಳುತ್ತವೆ ಎಂಬುದನ್ನೂ ಆಮೇಲೆ ಓದಿದೆ.

"ಹಾಗಾದರೆ ನನ್ನ ರಕ್ತದಲ್ಲಿ ಎಷ್ಟು ಬಲೆ ಇದೆಯೆಂದು ನೋಡಬಹುದೇ" ಎಂದು ಕೇಳಿದೆ. ತಜ್ಞರು ನಗುತ್ತಾ, "ಅದು ಸಂಶೋಧನೆಯ ಪ್ರಯೋಗಾಲಯದ ಕೆಲಸ ಮೇಡಂ, ಅದನ್ನು ನೋಡಿ ಔಷಧ ಬದಲಿಸುವ ಹಂತಕ್ಕೆ ನಾವು ಬಂದಿಲ್ಲ. ನಿಮ್ಮ ಮೂತ್ರ, ಕ್ರಿಯಾಟಿನಿನ್, ಆಂಕಾ ಸಾಕು" ಎಂದರು. ಬಲೆಯೊಂದೇ ಈ ಕಾಯಿಲೆಯ ಕಾರಣವೆಂದು ತಿಳಿಯಬೇಡಿ, ಪೂರಕ ವ್ಯವಸ್ಥೆ ಎಂಬ ರಕ್ತದ ಪ್ರೋಟೀನುಗಳ ಪಡೆ, ಬಿ ಮತ್ತು ಟಿ ಎಂಬ ಬಿಳಿ ರಕ್ತಕಣಗಳು ಎಲ್ಲವೂ ಇದರಲ್ಲಿ ಪಾಲುದಾರರು ಎಂದೂ ಎಚ್ಚರಿಸಿದರು. ಇದನ್ನು ಬರೆಯಲು ಕಾರಣ, ಯಾವುದಾದರೂ ಪ್ಯಾಕೇಜಿನಲ್ಲಿ ಬಲೆಯ ಪರೀಕ್ಷೆ ಮಾಡಿಕೊಡುತ್ತೇವೆಂದು ಯಾರಾದರೂ ಹಣ ಕೇಳಿದರೆ ಕೊಡುವ ಮುನ್ನ ನಿಮ್ಮ ತಜ್ಞರನ್ನು ಕೇಳಿ ಎನ್ನುವುದಕ್ಕಾಗಿ.

ಸೋಂಕೆಂದು ನಂಬಿ ಏಳು ವಾರ ಕಳೆದವಳಿಗೆ ಈ ಚಿತ್ರ ಬೇರೆಯೇ ಬಗೆಯ ದುಃಖ ತಂದಿತು. ಹೊರಗಿನ ಶತ್ರು ಇದ್ದಿದ್ದರೆ ಸಿಟ್ಟು ಮಾಡಬಹುದಿತ್ತು. ಇಲ್ಲಿ ಯಾರ ಮೇಲೆ ಮಾಡುವುದು?

ಚಿಕಿತ್ಸೆ ಅಂದೇ ರಾತ್ರಿ ಆರಂಭವಾಯಿತು. ಮೂರು ದಿನ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ರಕ್ತನಾಳಕ್ಕೆ, ನಂತರ ಪ್ರೆಡ್ನಿಸೊಲೋನ್ ಮಾತ್ರೆ ದಿನಕ್ಕೆ 60 ಮಿಲಿಗ್ರಾಂ. ಸ್ಟೀರಾಯ್ಡನ್ನು ಬೇಗ ಇಳಿಸಿದರೂ ಫಲಿತಾಂಶ ಕೆಡುವುದಿಲ್ಲ, ಗಂಭೀರ ಸೋಂಕುಗಳು ಕಡಿಮೆಯಾಗುತ್ತವೆ ಎಂದು ಏಳುನೂರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆಯಂತೆ; ಅದರಂತೆ ಎರಡನೆಯ ವಾರದಿಂದಲೇ ಇಳಿಸುತ್ತಾ ಬಂದರು. ಮನೆಗೆ ಬಂದ ಮೊದಲ ವಾರದಲ್ಲಿ ನಾನು ರಾತ್ರಿ ಮೂರಕ್ಕೆ ಎದ್ದು ಅಡುಗೆಮನೆಯ ಡಬ್ಬಗಳನ್ನೆಲ್ಲ ಒರೆಸಿಟ್ಟಿದ್ದೇನೆ, ಹಸಿವೆಂದು ಅವಲಕ್ಕಿ ಕಲಸಿ ತಿಂದಿದ್ದೇನೆ, ಕಾರಣವಿಲ್ಲದೆ ಮಗನ ಮೇಲೆ ಕೂಗಾಡಿದ್ದೇನೆ. ಸಕ್ಕರೆ 290ಕ್ಕೆ ಏರಿ ಎರಡು ತಿಂಗಳು ಇನ್ಸುಲಿನ್ ಚುಚ್ಚಿಕೊಳ್ಳಬೇಕಾಯಿತು. ಮುಖ ಊದಿ, ಸಹೋದ್ಯೋಗಿಗಳು "ಈಗ ಮೈ ಕೈ ತುಂಬಿಕೊಂಡಿದ್ದೀರಿ" ಎಂದಾಗ ಉತ್ತರಿಸುವ ತಾಳ್ಮೆ ಇರಲಿಲ್ಲ.

ರಿಟುಕ್ಸಿಮ್ಯಾಬ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ತೊಡಕುಗಳೆಲ್ಲ ಅಲ್ಲೇ ಇದ್ದವು. ಪ್ರತಿಕಾಯ ತಯಾರಿಸುವ ವಂಶದ ಬಿ ಕಣಗಳನ್ನು ಅದು ಅಳಿಸುತ್ತದೆ. ಆಂಕಾ ಕಡಿಮೆಯಾದರೆ ನ್ಯೂಟ್ರೋಫಿಲ್‌ಗಳನ್ನು ಕೆಣಕುವವರು ಕಡಿಮೆಯಾಗುತ್ತಾರೆ. ಈ ಕಾಯಿಲೆಗೆ ಮೊದಲಿನಿಂದ ಕೊಡುತ್ತಿದ್ದ ಸೈಕ್ಲೊಫಾಸ್ಫಮೈಡ್ ಎಂಬ ಔಷಧಕ್ಕೆ ಇದು ಸರಿಸಾಟಿಯೆಂದು 2010ರಲ್ಲೇ ತಿಳಿದಿತ್ತು. ಆದರೆ ಅದನ್ನು ಕೊಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆಗಳು ಕಡ್ಡಾಯ. ಅಡಗಿರುವ ವೈರಸ್ ಎದ್ದು ಯಕೃತ್ತನ್ನು ಕೆಡಿಸಬಲ್ಲದು. ಹಿಂದಿನ ಸೋಂಕಿನ ಗುರುತು ತೋರಿಸುವ ಪ್ರತಿಕಾಯದ ಪರೀಕ್ಷೆಯೂ ಅವುಗಳಲ್ಲಿ ಸೇರಿರಬೇಕು; ನನ್ನ ಮಾದರಿಯಲ್ಲಿ ಅದೊಂದನ್ನೇ ಬಿಟ್ಟಿದ್ದರಿಂದ ಎರಡು ದಿನ ವ್ಯರ್ಥವಾಯಿತು. ಎಚ್‌ಐವಿ, ಹೆಪಟೈಟಿಸ್ ಸಿ, ಇಮ್ಯುನೊಗ್ಲಾಬ್ಯುಲಿನ್ ಮಟ್ಟ, ಅಡಗಿದ ಕ್ಷಯದ ಪರೀಕ್ಷೆ ಎಲ್ಲ ಆದವು. ಲಸಿಕೆಗಳನ್ನು ಸಾಧ್ಯವಾದರೆ ಮೊದಲೇ ಹಾಕಿಸಿಕೊಳ್ಳಬೇಕು, ಔಷಧ ಸಿಕ್ಕ ಮೇಲೆ ಅವು ಚೆನ್ನಾಗಿ ಹಿಡಿಯುವುದಿಲ್ಲ ಎಂದರು; ನನಗೆ ಕಾಯುವಷ್ಟು ಸಮಯವಿರಲಿಲ್ಲ.

ಆಮೇಲೆ ವಿಮೆ. ರಿಟುಕ್ಸಿಮ್ಯಾಬ್ ಮೂಲತಃ ಲಿಂಫೋಮಾ ಎಂಬ ಕ್ಯಾನ್ಸರಿಗೆ ಬಂದ ಔಷಧ. "ಕ್ಯಾನ್ಸರ್ ಇಲ್ಲದ ರೋಗಿಗೆ ಇದೇಕೆ", "ಮೊದಲು ಕ್ಷಯವೆಂದಿದೆ, ಈಗ ಬೇರೆ ಹೆಸರಿದೆ, ಯಾವುದು ಸರಿ", "ಮೊದಲ ಸಲ ವೈದ್ಯರನ್ನು ಕಂಡ ಚೀಟಿ ಎಲ್ಲಿ" ಎಂದು ವಿಮೆಯವರು ಮೂರು ಬಾರಿ ಪ್ರಶ್ನೆ ಕಳುಹಿಸಿದರು. ಜುಲೈನ ಮೂಗಿನ ವೈದ್ಯರ ಚೀಟಿಯನ್ನು ನಾನು ಪುಸ್ತಕದೊಳಗೆ ಗುರುತಿಗೆಂದು ಇಟ್ಟಿದ್ದೆ. ಅದು ಸಿಕ್ಕದ್ದು ದೈವಕೃಪೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರ ಮಾರ್ಗಸೂಚಿಯಲ್ಲಿ ವಿಮಾದಾರರು ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿ ಕೊಟ್ಟಿತ್ತು, ಚುಚ್ಚುಮದ್ದಾಗಿ ಕೊಡುವ ಮಾನೋಕ್ಲೋನಲ್ ಆ್ಯಂಟಿಬಾಡಿ, ಅಂದರೆ ರಿಟುಕ್ಸಿಮ್ಯಾಬಿನಂಥ ಔಷಧ, ಅದರಲ್ಲಿತ್ತು. ನಮ್ಮವರು ಈ ಸಾಲನ್ನು ಉಲ್ಲೇಖಿಸಿ ಪತ್ರ ಬರೆದ ಮೇಲೆ, ಪಾಲಿಸಿಯಲ್ಲಿದ್ದ ಮಿತಿಯೊಳಗೆ ಹಣ ಒಪ್ಪಿದರು. ರೋಗನಿರ್ಣಯ ಏಕೆ ಬದಲಾಯಿತೆಂದು ತಜ್ಞರಿಂದ ಸಹಿ ಮತ್ತು ಮೊಹರಿನ ಒಂದು ಪುಟದ ಪತ್ರವನ್ನು ಮೊದಲೇ ಪಡೆದಿಟ್ಟುಕೊಂಡಿದ್ದರೆ ನಮಗೆ ಒಂಬತ್ತು ದಿನ ಉಳಿಯುತ್ತಿತ್ತು. ಹದಿನೈದು ದಿನಗಳ ಅಂತರದಲ್ಲಿ ಒಂದೊಂದು ಗ್ರಾಂನಂತೆ ಎರಡು ಬಾರಿ, ಭಾರತದಲ್ಲೇ ತಯಾರಾದ ಬ್ರ್ಯಾಂಡ್, ಡೇ ಕೇರ್ ಶುಲ್ಕ ಸೇರಿ ಸುಮಾರು 94,000 ರೂಪಾಯಿ. ಅದರಲ್ಲಿ ಕೈಯಿಂದ ಹೋದದ್ದು 38,000. ಆಸ್ಪತ್ರೆಯಲ್ಲಿ ಕಳೆದ ಒಂಬತ್ತು ದಿನಗಳ ಬಿಲ್ಲು ಬೇರೆ.

ಮೊದಲ ಹನಿಯ ಮುಕ್ಕಾಲು ಗಂಟೆಯಲ್ಲಿ ಗಂಟಲು ಕೆರೆದು ಮೈಯೆಲ್ಲ ನಡುಗಿತು. ನರ್ಸ್ ಹನಿ ನಿಲ್ಲಿಸಿ, ಅಲರ್ಜಿ ತಣಿಸುವ ಅವಿಲ್ ಕೊಟ್ಟು, ಅರ್ಧ ಗಂಟೆ ಬಿಟ್ಟು ನಿಧಾನವಾಗಿ ಮತ್ತೆ ಆರಂಭಿಸಿದರು. ಆರು ಗಂಟೆ ಹಿಡಿಯಿತು. ಬೆಳಗ್ಗೆ ತಿಂಡಿ ತಿಂದೇ ಹೋಗಿ, ತೋಳು ಸಡಿಲವಿರುವ ಕುಪ್ಪಸ ಹಾಕಿಕೊಳ್ಳಿ, ಹೊದಿಕೆಯೊಂದನ್ನು ಒಯ್ಯಿರಿ. ಅಲ್ಲಿಯ ತಂಪಿಗೆ ಬೆಂಗಳೂರಿನ ಡಿಸೆಂಬರ್ ಏನೂ ಅಲ್ಲ.

ಆ ವಾರ್ಡಿನಲ್ಲಿ ಎಡಗಡೆಯ ಕುರ್ಚಿಯಲ್ಲಿ ಕೋಲಾರದ ಕಡೆಯ ಹುಡುಗಿಯೊಬ್ಬಳಿದ್ದಳು, ರೋಗನಿರೋಧಕ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ಎಂಬ ಕಾಯಿಲೆ ಇರುವವಳು. ಅವಳ ಕಾಯಿಲೆಯಲ್ಲೂ ಈ ಬಲೆಗಳ ಕೈವಾಡವಿದೆಯೆಂದು ಅಕ್ಕನ ಮಗಳು ಹೇಳಿದಾಗ ಆಶ್ಚರ್ಯವಾಯಿತು. ಬೀಸಿದ ಬಲೆಯನ್ನು ಕತ್ತರಿಸಿ ಗುಡಿಸಲು ನಮ್ಮ ರಕ್ತದಲ್ಲಿ ಡಿಎನೇಸ್ ಎಂಬ ಕಿಣ್ವವಿರುತ್ತದೆ; ಲೂಪಸ್ ಇರುವ ಕೆಲವರ ರಕ್ತ ಆ ಕೆಲಸವನ್ನು ಸರಿಯಾಗಿ ಮಾಡುವುದಿಲ್ಲ, ಅಂಥವರಲ್ಲಿ ಮೂತ್ರಪಿಂಡಕ್ಕೆ ಹೆಚ್ಚು ತೊಂದರೆ ಎಂದು 2010ರಲ್ಲಿ ಕಂಡುಕೊಂಡರಂತೆ. ಡಿಎನ್ಎ ಕತ್ತರಿಸುವ ಕಿಣ್ವವನ್ನೇ ಔಷಧವಾಗಿಸಿ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುಕಾಯಿಲೆಯ ರೋಗಿಗಳ ಅಂಟು ಕಫ ಕರಗಿಸಲು ಅಮೆರಿಕದಲ್ಲಿ 1993ರಿಂದಲೇ ಬಳಸುತ್ತಿದ್ದಾರೆ. ಬಲೆ ಎಂಬುದು ಗೊತ್ತಾಗುವುದಕ್ಕಿಂತ ಹನ್ನೊಂದು ವರ್ಷ ಮೊದಲೇ! ಇನ್ನು ಗೌಟ್ ಎಂಬ ಬಗೆಯ ಸಂಧಿವಾತದಲ್ಲಿ ಬಲೆಗಳು ದಟ್ಟವಾಗಿ ಮುದ್ದೆಗಟ್ಟಿದಾಗ ಉರಿಯೂತವನ್ನು ತಣಿಸುವುದೂ ಉಂಟಂತೆ. "ಒಂದೇ ಮಾತಲ್ಲಿ ಒಳ್ಳೆಯದು ಕೆಟ್ಟದ್ದು ಎನ್ನೋಕಾಗಲ್ಲ ಚಿಕ್ಕಮ್ಮ" ಎಂದಳು.

ಎಲ್ಲ ಸರಿಹೋಗುತ್ತಿದೆ ಎನ್ನುವಾಗ, ಎರಡನೆಯ ಹನಿಯ ನಂತರದ ವಾರ, ಎಡಗಾಲಿನ ಮೀನಖಂಡ ಬಿಗಿದು ಊದಿತು. ಹೆಚ್ಚು ನಡೆದದ್ದರಿಂದ ಇರಬೇಕೆಂದು ಎಣ್ಣೆ ತಿಕ್ಕಲು ಹೊರಟಿದ್ದೆ. ಪುಣ್ಯಕ್ಕೆ ತಿಕ್ಕುವ ಮೊದಲು ಆಸ್ಪತ್ರೆಗೆ ಕರೆ ಮಾಡಿದೆ. ಡಾಪ್ಲರ್ ಸ್ಕ್ಯಾನಿನಲ್ಲಿ ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆಂಕಾ ಕಾಯಿಲೆ ಉರಿಯುತ್ತಿರುವ ತಿಂಗಳುಗಳಲ್ಲಿ ಹೀಗಾಗುವ ಸಂಭವ ಹೆಚ್ಚೆಂಬುದನ್ನು ಮೊದಲೇ ಯಾರಾದರೂ ಹೇಳಬೇಕಿತ್ತು. ಇಲ್ಲೂ ಬಲೆಯ ಪಾಲಿದೆ: ಅದರ ಎಳೆಗಳಿಗೆ ಪ್ಲೇಟ್ಲೆಟ್ ಎಂಬ ಕಿರುಬಿಲ್ಲೆಗಳೂ ಕೆಂಪು ಕಣಗಳೂ ಸಿಕ್ಕಿಕೊಳ್ಳುತ್ತವೆ, ಹೆಪ್ಪಿಗೆ ಅದೇ ಹಂದರವಾಗುತ್ತದೆ. 2020ರಲ್ಲಿ ಕೋವಿಡ್ ತೀವ್ರವಾದವರ ಶ್ವಾಸಕೋಶದ ನಾಳಗಳಲ್ಲಿ ಕಂಡ ಹೆಪ್ಪುಗಳಲ್ಲೂ ಇವೇ ಬಲೆಗಳಿದ್ದವು. ಆರು ತಿಂಗಳು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಂಡೆ. ಒಂದೇ ಕಾಲು ಊದಿದರೆ, ಅದರಲ್ಲೂ ಉಸಿರು ಕಟ್ಟಿದಂತಾದರೆ, ಎಣ್ಣೆ ಬಾಟಲಿ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಓಡಿ.

ಬಂಧುಗಳು ತಂದುಕೊಟ್ಟ ಅಮೃತಬಳ್ಳಿಯ ಕಷಾಯದ ಪ್ರಸಂಗವೂ ಇದೆ. "ರೋಗನಿರೋಧಕ ಶಕ್ತಿ ಹೆಚ್ಚುತ್ತದೆ, ಕುಡಿ" ಎಂದು ಪ್ರೀತಿಯಿಂದಲೇ ತಂದರು. ನನ್ನ ಕಾಯಿಲೆಯೇ ಆ ಶಕ್ತಿ ದಾರಿ ತಪ್ಪಿದ್ದು ಎಂದು ವಿವರಿಸಿ ಸೋತು, ಕೊನೆಗೆ ತಜ್ಞರು ಬೇಡವೆಂದಿದ್ದಾರೆ ಎಂದಷ್ಟೇ ಹೇಳಲು ಕಲಿತೆ.

ಇನ್ನೊಂದು ಅನಿರೀಕ್ಷಿತ ಕೆಲಸವೆಂದರೆ ಕ್ಷಯದ ಪಟ್ಟಿಯಿಂದ ಹೆಸರು ತೆಗೆಸುವುದು. ಮಾತ್ರೆ ನಿಲ್ಲಿಸಿದ್ದರಿಂದ ದಾಖಲೆಯಲ್ಲಿ ನಾನು ಚಿಕಿತ್ಸೆ ಬಿಟ್ಟು ಓಡಿಹೋದವಳಾಗಿದ್ದೆ; ಮನೆಗೆ ಕರೆಗಳು ಬರುತ್ತಲೇ ಇದ್ದವು. ಬಯಾಪ್ಸಿ ವರದಿ ಮತ್ತು ತಜ್ಞರ ಪತ್ರದ ಪ್ರತಿಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಟ್ಟು, ನಾಲ್ಕು ಸಲ ಓಡಾಡಿದ ಮೇಲೆ "ತಪ್ಪು ರೋಗನಿರ್ಣಯ" ಎಂಬ ಫಲಿತಾಂಶ ನಮೂದಾಗಿ ನನ್ನ ಖಾತೆ ಮುಚ್ಚಿತು. ಆ ಆರೋಗ್ಯ ಕಾರ್ಯಕರ್ತೆ ಕೊನೆಯ ದಿನ ಬಂದು, ಕ್ಷಯ ಅಲ್ಲವಂತಲ್ಲ ಮೇಡಂ, ಸಂತೋಷ ಎಂದರು. ಅಲ್ಲದೆ ಇರುವುದು ಏನೆಂದು ಹೇಳಲು ಹೋಗಲಿಲ್ಲ. ಕಾಫಿ ಕೊಟ್ಟು ಕಳುಹಿಸಿದೆ.

ಈಗ ಕ್ರಿಯಾಟಿನಿನ್ 1.5ರಲ್ಲಿ ನಿಂತಿದೆ, ಹಳೆಯ 0.9 ಇನ್ನು ಬರುವುದಿಲ್ಲ, ಸತ್ತ ಗೊಂಚಲುಗಳು ಮತ್ತೆ ಹುಟ್ಟುವುದಿಲ್ಲ ಎಂದು ತಜ್ಞರು ನೇರವಾಗಿಯೇ ಹೇಳಿದ್ದಾರೆ. ಪ್ರೆಡ್ನಿಸೊಲೋನ್ 5 ಮಿಲಿಗ್ರಾಂಗೆ ಇಳಿದಿದೆ, ನ್ಯುಮೋನಿಯಾ ತಡೆಯಲು ಕೊಟ್ರೈಮಾಕ್ಸಜೋಲ್ ಮುಂದುವರಿದಿದೆ, ಆರು ತಿಂಗಳಿಗೊಮ್ಮೆ 500 ಮಿಲಿಗ್ರಾಂ ರಿಟುಕ್ಸಿಮ್ಯಾಬ್ ಇನ್ನೂ ಕೆಲವು ಕಂತು ಬಾಕಿಯಿದೆ. ನ್ಯೂಟ್ರೋಫಿಲ್‌ಗಳನ್ನು ಕೆರಳಿಸುವ ಪೂರಕ ವ್ಯವಸ್ಥೆಯ ಸಂಕೇತವನ್ನೇ ತಡೆಯುವ ಅವಾಕೊಪಾನ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2021ರಲ್ಲಿ ಅನುಮತಿ ಸಿಕ್ಕಿದೆ. ನನಗೆ ಸದ್ಯ ಅದರ ಅಗತ್ಯವಿಲ್ಲ ಎಂದರು.

ಮನೆಯಲ್ಲಿ ಮೂತ್ರ ಪರೀಕ್ಷಿಸುವ ಪಟ್ಟಿಗಳ ಡಬ್ಬಿಯೊಂದು ಸ್ನಾನದ ಮನೆಯ ಕಿಟಕಿಯಲ್ಲಿದೆ. ಪ್ರತಿ ಭಾನುವಾರ ಬೆಳಗ್ಗೆ ಒಂದನ್ನು ಅದ್ದಿ, ನಿಮಿಷ ಎಣಿಸಿ, ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸಿ, ದಿನಾಂಕದೊಂದಿಗೆ ನೋಟ್ ಪುಸ್ತಕದಲ್ಲಿ ಬರೆಯುತ್ತೇನೆ. ರಕ್ತದ ಚೌಕ ಕಳೆದ ಆರು ವಾರಗಳಿಂದ ಹಳದಿಯಾಗಿಯೇ ಇದೆ. ಪ್ರೋಟೀನಿನ ಚೌಕ ಮಾತ್ರ ತುಸು ಹಸಿರಿಗೆ ತಿರುಗುತ್ತದೆ.